ತಂಪು ಯಂತ್ರದೊಳಗೆ ಉರಿಯುವ ಅನಿಲ

ಬೇಸಿಗೆ ಬಂತೆಂದರೆ ಶಿವಮೊಗ್ಗ, ಭದ್ರಾವತಿಗಳ ಫ್ರಿಜ್ ಹಾಗೂ ಎ.ಸಿ. ದುರಸ್ತಿಗಾರರಿಗೆ ಬಿಡುವಿಲ್ಲ. ಆದರೆ ಅವರ ಕೈಗೆ ಬರುವ ಯಂತ್ರಗಳೊಳಗಿನ ಅನಿಲ ಬದಲಾಗಿದೆ. ಓಝೋನ್ ಪದರಕ್ಕೆ ಮಾರಕವಾದ ಆರ್-22ನ್ನು 2030ರ ವೇಳೆಗೆ ಬಹುತೇಕ ಕೈಬಿಡಬೇಕಿರುವ ಭಾರತ, 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನೂ ಅನುಮೋದಿಸಿತು. ಇಂಥ ಒಪ್ಪಂದಗಳ ಒತ್ತಡದಿಂದ ಫ್ರಿಜ್‌ಗಳಿಗೆ ಐಸೋಬ್ಯುಟೇನ್, ಕೆಲವು ಎ.ಸಿ.ಗಳಿಗೆ ಪ್ರೊಪೇನ್ ಬಂದಿವೆ. ಎರಡೂ ಅಡುಗೆ ಅನಿಲದ ಬಂಧುಗಳೇ. ಹೊಸ ಎ.ಸಿ.ಗಳಲ್ಲಿ ಹೆಚ್ಚಾಗಿ ಕಾಣುವ ಆರ್-32 ಕೂಡ ಮಂದವಾಗಿಯಾದರೂ ಉರಿಯಬಲ್ಲದು.

ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ವಾಸನೆ ಬೆರೆಸಲಾಗುತ್ತದೆ. ಶೀತಕ ಪ್ರೊಪೇನ್‌ಗೆ ಆ ವಾಸನೆಯಿಲ್ಲ. ಗಾಳಿಗಿಂತ ಭಾರವಾದ ಅದು ನೆಲದ ಮಟ್ಟದಲ್ಲಿ ತಂಗುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೆ ಸ್ವಿಚ್ಚಿನ ಕಿಡಿಯೇ ಸಾಕು. ಹಳೆಯ ರೂಢಿಯಂತೆ ಪೈಪ್ ಕತ್ತರಿಸಿ, ಕೂಡಲೇ ಬೆಸುಗೆಯ ಜ್ವಾಲೆ ಹಿಡಿಯುವುದು ಆತ್ಮಘಾತುಕ. ಕಿಟಕಿ ತೆರೆದು, ಅನಿಲವನ್ನು ಸುರಕ್ಷಿತವಾಗಿ ಹೊರತೆಗೆದು, ಪೈಪಿನೊಳಗೆ ನೈಟ್ರೋಜನ್ ಹಾಯಿಸಿದ ಬಳಿಕವೇ ಬೆಂಕಿಯ ಕೆಲಸ. ಒತ್ತಡ ಪರೀಕ್ಷೆಗೂ ನೈಟ್ರೋಜನ್ನೇ ಬೇಕು. ಬೆಸುಗೆಗೆ ತಂದ ಆಮ್ಲಜನಕವನ್ನು ತುಂಬಿದರೆ ಕಂಪ್ರೆಸರ್ ಎಣ್ಣೆಯೊಡನೆ ಸೇರಿ ಸ್ಫೋಟವಾದೀತು. ಆರ್-22ರ ಹಳೆಯ ಯಂತ್ರಕ್ಕೆ ಅಗ್ಗವೆಂದು ಪ್ರೊಪೇನ್ ತುಂಬುವುದಂತೂ ಸಲ್ಲದು.

1923ರಿಂದ ಕುಲುಮೆಯೊಡನೆ ಬದುಕಿದ ಭದ್ರಾವತಿಗೆ ಬೆಂಕಿಯ ಶಿಸ್ತು ಹೊಸದಲ್ಲ. ಆದರೆ ಅದು ಕಾರ್ಖಾನೆಯ ಶಿಸ್ತು. ಮನೆಮನೆಗೆ ಬೈಕಿನಲ್ಲಿ ಹೋಗುವ ದುರಸ್ತಿಗಾರ ಒಂಟಿ. ಕೇಂದ್ರದ ಓಝೋನ್ ಘಟಕ ತಂತ್ರಜ್ಞರಿಗೆ ತರಬೇತಿ ಏರ್ಪಡಿಸುತ್ತದೆ, ನಿಜ. ದುಡಿಮೆ ಬಿಟ್ಟು ಅದಕ್ಕೆ ಹೋಗುವವನ ನಷ್ಟವನ್ನು ಯಂತ್ರ ಮಾರುವ ಕಂಪನಿಗಳು ಭರಿಸುವುದು ನ್ಯಾಯ.