ಅನ್ಯಲೋಕದ ಅರಸರು

ಪ್ರವಚನದ ನಿಮಿತ್ತ ಲಿಂಗದಹಳ್ಳಿಯ ಸೀಮೆಗೆ ಹೋದಾಗಲೆಲ್ಲ ತಾಯಂದಿರಿಂದ ನಾವು ಕೇಳುವ ದೂರೊಂದುಂಟು. ಮಕ್ಕಳು ನಡುರಾತ್ರಿಯವರೆಗೆ ಮೊಬೈಲಿನಲ್ಲಿ ಧಾರಾವಾಹಿ ಕಾದಂಬರಿಗಳನ್ನು ಓದುತ್ತಾರೆ. ಅವುಗಳಲ್ಲಿ ಈ ಲೋಕದ ಮಾತೇ ಇಲ್ಲ, ಬರಿಯ ಮಾಯಾರಾಜ್ಯಗಳ ಕಥೆ. ಇದನ್ನು ಬಿಡಿಸುವ ಬಗೆ ಹೇಗೆ?

ಬಿಡಿಸುವ ಮುನ್ನ ಅದೇನೆಂದು ಅರಿಯುವುದು ಲೇಸು. ಜಪಾನಿನಲ್ಲಿ 2004ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಕಾದಂಬರಿ ಬರೆಯಬಹುದು. ಅನ್ಯಲೋಕ ಎಂಬ ಅರ್ಥದ ‘ಇಸೆಕಾಯಿ’ ಪ್ರಕಾರ ಅಲ್ಲಿ ಹುಲುಸಾಗಿ ಬೆಳೆಯಿತು. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ‘ಪ್ರತಿಲಿಪಿ’ ಕನ್ನಡದ ಧಾರಾವಾಹಿಗಳಿಗೂ ಅಂತಹ ಅಂಗಳವಾಯಿತು. ಅನ್ಯಲೋಕದ ಕಥೆಯ ಹಂದರ ಬಹುಮಟ್ಟಿಗೆ ಒಂದೇ. ಯಾರಿಗೂ ಬೇಡವಾದ ತರುಣನೊಬ್ಬ ಸಾಯುತ್ತಾನೆ; ಹಳೆಯ ನೆನಪಿನೊಡನೆ ಮತ್ತೊಂದು ಲೋಕದಲ್ಲಿ ಹುಟ್ಟಿ, ಬಡ ಪಾಳೆಯಪಟ್ಟೊಂದನ್ನು ಸಾಮ್ರಾಜ್ಯವಾಗಿಸುತ್ತಾನೆ.

ಮೂಗು ಮುರಿಯುವ ಹಿರಿಯರು ಹರಿಹರನನ್ನು ನೆನೆಯಬೇಕು. ‘ಬಸವರಾಜದೇವರ ರಗಳೆ’ ತೊಡಗುವುದೇ ಕೈಲಾಸದಲ್ಲಿ. ಶಿವನಿತ್ತ ಪ್ರಸಾದದ ಹೂವನ್ನು ಗಣಗಳಿಗೆ ಹಂಚುತ್ತ ವೃಷಭಮುಖನು ಷಣ್ಮುಖನನ್ನು ಮರೆಯುತ್ತಾನೆ. ಎಲ್ಲರಿಗೂ ಕೊಟ್ಟೆನೆಂದು ಬಿನ್ನವಿಸುತ್ತಾನೆ. ಆ ಕಾರಣಕ್ಕೆ ಆತ ಮರ್ತ್ಯದಲ್ಲಿ ಹುಟ್ಟಬೇಕಾಯಿತು. ಲೋಕಾಂತರದ ಜನನ ನಮ್ಮ ಕಾವ್ಯಕ್ಕೆ ಹೊಸದೇನಲ್ಲ. ಅಂತರವಿರುವುದು ಬೇರೆಡೆ. ಹರಿಹರನ ನಾಯಕ ಒಬ್ಬನಿಗೆ ತಪ್ಪಿದ ಪಾಲಿನ ಋಣ ಹೊತ್ತು ಬರುತ್ತಾನೆ. ಇಂದಿನ ನಾಯಕ ಹಿಂದಿನ ಲೋಕದ ವಿದ್ಯೆಯನ್ನು ಬಂಡವಾಳವಾಗಿ ಹೊತ್ತು ಬರುತ್ತಾನೆ. ಬಸವಣ್ಣನವರು ಕಲ್ಯಾಣದಲ್ಲಿ ಅರಸರಾಗಲಿಲ್ಲ, ಬಿಜ್ಜಳನ ಭಂಡಾರಿಯಾದರು: ಹೊನ್ನು ಹೊನ್ನಿಗೂ ಲೆಕ್ಕ ಒಪ್ಪಿಸಬೇಕಾದ ಸ್ಥಾನ. ಚಾಮರಸನಂತೂ ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಯ ಅರಸನಿಗೆ ಮಮಕಾರನೆಂದೇ ಹೆಸರಿಟ್ಟ. ತನ್ನದೆಂಬ ರಾಜ್ಯ ಕಟ್ಟುವ ಹುಡುಗರಿಗೆ ಆ ಹೆಸರನ್ನು ತಿಳಿಸಿಯಾದರೂ ಇಡಬೇಕು.

ಆದರೆ ಈ ಕಾದಂಬರಿಗಳೆಲ್ಲ ಜೊಳ್ಳೆನ್ನಲಾಗದು. ಅವುಗಳಲ್ಲಿ ಉತ್ತಮವಾದವು ಕತ್ತಿಗಿಂತ ಹೆಚ್ಚಾಗಿ ಉಪ್ಪು, ಗೊಬ್ಬರ, ಕಣಜ, ತೆರಿಗೆಗಳ ವಿಚಾರ ಮಾಡುತ್ತವೆ. ನಮ್ಮ ಎಷ್ಟೋ ಐತಿಹಾಸಿಕ ಕಾದಂಬರಿಗಳಲ್ಲಿ ಅದೂ ಇಲ್ಲ! ಕೊರತೆಯೆಂದರೆ, ಕಬ್ಬಿಣ ಬೇಕೆಂದರೆ ಒಂದೇ ಅಧ್ಯಾಯದಲ್ಲಿ ಕುಲುಮೆ ಸಿದ್ಧ. ಲಿಂಗದಹಳ್ಳಿಯ ಹುಡುಗರು ಇದನ್ನು ನಂಬಬೇಕಾಗಿಲ್ಲ. ಅವರ ಊರ ಮೇಲಣ ಕೆಮ್ಮಣ್ಣುಗುಂಡಿಯ ಅದಿರೇ ಭದ್ರಾವತಿಯ ಕಾರ್ಖಾನೆಗೆ ಹೋದದ್ದು. 1918ರಲ್ಲಿ ಆ ಸಂಸ್ಥೆ ರೂಪುಗೊಂಡಿತು. ಕಬ್ಬಿಣ ಹರಿಯಲು 1923 ಬರಬೇಕಾಯಿತು. ಕಲ್ಲಿದ್ದಲು ಇಲ್ಲದ ಸೀಮೆಯಾದುದರಿಂದ ಮಲೆನಾಡಿನ ಮರ ಸುಟ್ಟ ಇದ್ದಿಲನ್ನೇ ಕುಲುಮೆಗೆ ಉಣಿಸಿದರು. ಅಷ್ಟಾಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ನಷ್ಟವಾಯಿತು; ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಮತ್ತೆ ಬಂದು ಆಡಳಿತ ಮಂಡಳಿಯ ನೊಗ ಹೊರಬೇಕಾಯಿತು. ಅದಿರು ಅಗೆದವರ, ಇದ್ದಿಲು ಸುಟ್ಟವರ ಹೆಸರು ಯಾವ ಅಧ್ಯಾಯದಲ್ಲಿಯೂ ಇಲ್ಲ. ಕಾಯಕವನ್ನು ಕೊಂಡಾಡುವ ಸಮಾಜದವರಾದ ನಮಗೆ ಅದು ಚುಚ್ಚಬೇಕು.

ಇನ್ನು ತಂದೆತಾಯಿಗಳಿಗೊಂದು ಮಾತು. ಯಾರಿಗೂ ಬೇಡವಾದ ತರುಣನ ಕಥೆಯೇ ನಿಮ್ಮ ಮಗನಿಗೆ ಏಕೆ ಹಿಡಿಸಿತು? ಅಂಕಪಟ್ಟಿ ಬಂದ ದಿನ ನೆರೆಮನೆಯ ಹುಡುಗನೊಡನೆ ತೂಗಿ ನೋಡುವ ಮನೆಯಲ್ಲಿ, ತೋಟದ ವಿಚಾರಕ್ಕೂ ಮದುವೆಯ ವಿಚಾರಕ್ಕೂ ಅವನ ಅಭಿಪ್ರಾಯ ಕೇಳದ ಮನೆಯಲ್ಲಿ, ಅವನಿಗೆ ಆಳಲು ಒಂದು ರಾಜ್ಯ ಬೇಕೆನಿಸಿದರೆ ಅಚ್ಚರಿಯಿಲ್ಲ. ಮೊಬೈಲು ಕಸಿದುಕೊಂಡರೆ ಆ ಕೊರತೆ ನೀಗದು. ಈ ಸಲ ಅಡಿಕೆಯ ಲೆಕ್ಕವನ್ನು ಅವನ ಕೈಗೇ ಕೊಟ್ಟು ನೋಡಿ. ಕೂಲಿಯೆಷ್ಟು, ಗೊಬ್ಬರಕ್ಕೆಷ್ಟು, ಸಾಲವೆಷ್ಟು, ಎಲ್ಲವನ್ನೂ. ಬಳಿಕ ಅವನ ಸಾಮ್ರಾಜ್ಯದಲ್ಲಿ ಕುಲುಮೆಗೆ ಇದ್ದಿಲು ಯಾವ ಕಾಡಿನಿಂದ ಬಂತೆಂದು ಕೇಳಿ. ಉತ್ತರ ಆ ಕಾದಂಬರಿಯಲ್ಲಿ ಸಿಗದಿದ್ದರೆ ಅವನೇ ಒಂದು ಅಧ್ಯಾಯ ಬರೆಯಲಿ. ಕನ್ನಡದಲ್ಲಿ ಬರೆದರೆ ನಾವೂ ಓದುತ್ತೇವೆ.