ಪೆರಿನ್‌ಗೆ ಹೆಂಡತಿ ಏಕೆ ಬೇಕಿತ್ತು?

2021ರ ನವೆಂಬರ್ 19ರಂದು ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ‘ದಿ ವ್ಹೀಲ್ ಆಫ್ ಟೈಮ್’ ಸರಣಿಯ ಮೊದಲ ಮೂರು ಕಂತುಗಳು ಒಟ್ಟಿಗೆ ಬಂದವು. ಮೊದಲನೆಯದು ಮುಗಿಯುವ ಹೊತ್ತಿಗೇ ಸರಣಿಗೆ ಮೂಲವಾದ ಪುಸ್ತಕಗಳ ಓದುಗರು ಎರಡು ಬಣವಾಗಿದ್ದರು. ಕಾರಣ ಒಂದು ಕೊಡಲಿ ಏಟು. ಮೃಗದ ಮೋರೆಯ ಟ್ರಾಲಕ್‌ಗಳು ರಾತ್ರಿ ಹಳ್ಳಿಗೆ ನುಗ್ಗಿವೆ. ಕುಲುಮೆಯೊಳಗೆ ಕಮ್ಮಾರ ಪೆರಿನ್ ಮತ್ತು ಅವನ ಹೆಂಡತಿ ಲೈಲಾ ಜೀವ ಉಳಿಸಿಕೊಳ್ಳಲು ಹೋರಾಡುತ್ತಿದ್ದಾರೆ. ಎದುರಿಗಿದ್ದ ಟ್ರಾಲಕ್ಕನ್ನು ಕೊಚ್ಚಿ ಹಾಕಿದ ಆವೇಶ ಇಳಿಯುವ ಮೊದಲೇ ಬೆನ್ನ ಹಿಂದೆ ಏನೋ ಸರಿದಂತಾಗಿ ಪೆರಿನ್ ತಿರುಗಿ ಕೊಡಲಿ ಬೀಸುತ್ತಾನೆ. ಅದು ಲೈಲಾಳ ಹೊಟ್ಟೆ ಹೊಕ್ಕಿರುತ್ತದೆ.

ಪುಸ್ತಕದಲ್ಲಿ ಈ ದೃಶ್ಯ ಇಲ್ಲ. ಆ ವಯಸ್ಸಿನ ಪೆರಿನ್‌ಗೆ ಮದುವೆಯೇ ಆಗಿಲ್ಲ.

ಜಗಳ ಅಲ್ಲಿಂದ ಶುರು. ಪೆರಿನ್‌ನ ಮನಸ್ಸಿನೊಳಗಿನ ತುಮುಲವನ್ನು ಪುಸ್ತಕ ಪುಟಗಟ್ಟಲೆ ಹೇಳಬಹುದು, ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ, ಹಿಂಸೆ ಎಂದರೆ ಅವನೇಕೆ ಬೆಚ್ಚುತ್ತಾನೆ ಎಂಬುದಕ್ಕೆ ಕಣ್ಣಿಗೆ ಕಾಣುವ ಕಾರಣ ಬೇಕಿತ್ತು ಎಂದಿತು ಒಂದು ಬಣ. ಗಂಡಸಿನ ದುಃಖಕ್ಕೆ ಸರಕಾಗಲೆಂದೇ ಒಬ್ಬ ಹೆಂಗಸನ್ನು ಹುಟ್ಟಿಸಿ, ಅದೇ ಕಂತಿನಲ್ಲಿ ಕೊಲ್ಲುವುದು ಯಾವ ಸೀಮೆಯ ಕಥೆಗಾರಿಕೆ ಎಂದು ಕೇಳಿತು ಇನ್ನೊಂದು. ಹೊರಗೆ ನಿಂತು ನೋಡುವವರಿಗೆ ಇದೆಲ್ಲ ಪುಸ್ತಕದ ಹುಳುಗಳ ಹಟದಂತೆ ಕಂಡೀತು. ಆದರೆ ಪುಸ್ತಕ ಓದಿದವರಿಗೆ ಕಥೆಯ ಮುಂದಿನ ದಾರಿ ಗೊತ್ತಿರುತ್ತದೆ. ಮೊದಲ ಕಂತಿನಲ್ಲಿ ಒಂದು ಎಳೆ ಕಿತ್ತರೆ ಹತ್ತನೆಯ ಪುಸ್ತಕದ ಹೊತ್ತಿಗೆ ನೇಯ್ಗೆ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವರಿಗೆ ಕಾಣುತ್ತದೆ. ಓದುಗರ ತಕರಾರಿನ ತಿರುಳು ಇಲ್ಲಿದೆ, ಅದನ್ನು ಕಿವಿಗೊಟ್ಟು ಕೇಳಬೇಕಾದ ಕಾರಣವೂ ಇದೇ.

ಈ ಓದುಗರ ನಂಟು ಎಂಥದ್ದೆಂದು ತಿಳಿಯದೆ ಅವರ ಸಿಟ್ಟು ಅರ್ಥವಾಗದು. ಪುಸ್ತಕಗಳನ್ನು ಬರೆದವರು ರಾಬರ್ಟ್ ಜೋರ್ಡನ್. ಅದು ಕಾವ್ಯನಾಮ. ನಿಜವಾದ ಹೆಸರು ಜೇಮ್ಸ್ ಆಲಿವರ್ ರಿಗ್ನಿ. ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನವರು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್‌ನಲ್ಲಿ ಬಂದೂಕು ಹಿಡಿದು ಕೂತವರು, ಹಿಂದಿರುಗಿ ಭೌತಶಾಸ್ತ್ರ ಓದಿದವರು. ಸರಣಿಯ ಮೊದಲ ಪುಸ್ತಕ ‘ದಿ ಐ ಆಫ್ ದಿ ವರ್ಲ್ಡ್’ ಬಂದದ್ದು 1990ರಲ್ಲಿ. ಕಾಲವೆಂಬುದು ಏಳು ಯುಗಗಳ ಚಕ್ರ, ಸರಿದುಹೋದ ಯುಗ ಮತ್ತೆ ಬರುತ್ತದೆ ಎಂಬುದು ಕಥೆಯ ಬುನಾದಿ. ಅದರ ಹಿಂದೆ ಹಿಂದೂ ಪುರಾಣಗಳ ಕಾಲಚಕ್ರದ ಕಲ್ಪನೆಯಿದೆ ಎಂದು ಜೋರ್ಡನ್ ಒಪ್ಪಿಕೊಂಡಿದ್ದರು. 2007ರಲ್ಲಿ ಅವರು ಅಮಿಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆಯಿಂದ ತೀರಿಕೊಂಡಾಗ ಹನ್ನೊಂದು ಪುಸ್ತಕ ಮುಗಿದಿದ್ದವು, ಕಥೆ ಮುಗಿದಿರಲಿಲ್ಲ. ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಆ ಹೊಣೆಯನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಲೇಖಕರಿಗೆ ವಹಿಸಿದರು. ಜೋರ್ಡನ್ ಬಿಟ್ಟುಹೋದ ಬರಹ, ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಅವರು ಇನ್ನೂ ಮೂರು ಪುಸ್ತಕ ಬರೆದರು. ಹದಿನಾಲ್ಕನೆಯದು ಬಂದದ್ದು 2013ರಲ್ಲಿ. ಹೈಸ್ಕೂಲಿನಲ್ಲಿ ಮೊದಲ ಪುಸ್ತಕ ಹಿಡಿದವರು ಕೊನೆಯದನ್ನು ಮುಗಿಸುವಾಗ ನಡುವಯಸ್ಸಿನ ಹೊಸ್ತಿಲಲ್ಲಿದ್ದರು.

ಅಷ್ಟರ ಮೇಲೆ ಪರದೆಯ ವಿಷಯದಲ್ಲಿ ಅವರು ಒಮ್ಮೆ ಪೆಟ್ಟು ತಿಂದವರು. 2015ರ ಫೆಬ್ರುವರಿಯಲ್ಲಿ, ಅಮೆರಿಕದ ಎಫ್‌ಎಕ್ಸ್‌ಎಕ್ಸ್ ವಾಹಿನಿಯಲ್ಲಿ, ನಡುರಾತ್ರಿ ಕಳೆದು ಒಂದೂವರೆ ಗಂಟೆಗೆ, ಯಾವ ಪ್ರಚಾರವೂ ಇಲ್ಲದೆ ‘ವಿಂಟರ್ ಡ್ರ್ಯಾಗನ್’ ಎಂಬ ಅರ್ಧ ಗಂಟೆಯ ಕಂತು ಪ್ರಸಾರವಾಯಿತು. ಚಿತ್ರೀಕರಣದ ಹಕ್ಕು ಹೊಂದಿದ್ದ ರೆಡ್ ಈಗಲ್ ಸಂಸ್ಥೆಯ ಗಡುವು ಮುಗಿಯಲು ಆಗ ಕೆಲವೇ ದಿನ ಬಾಕಿ. ತನಗೆ ಇದರ ಸುಳಿವೇ ಇರಲಿಲ್ಲವೆಂದು ಮೆಕ್‌ಡೂಗಲ್ ಹೇಳಿಕೆ ಕೊಟ್ಟರು, ಸಂಸ್ಥೆ ಅವರ ಮೇಲೆಯೇ ಮೊಕದ್ದಮೆ ಹೂಡಿತು. ತಾವು ಪ್ರೀತಿಸಿದ ಕಥೆಯನ್ನು ಹಕ್ಕುಪತ್ರ ಉಳಿಸಿಕೊಳ್ಳುವ ಸಾಧನವಾಗಿ ಬಳಸಿದ್ದನ್ನು ಕಂಡ ಓದುಗರು ಮುಂದೆ ಬರುವ ನಿರ್ಮಾಪಕರನ್ನು ಅನುಮಾನದಿಂದ ನೋಡಿದ್ದರೆ ಅದು ಸಹಜ.

ಇನ್ನು ಪೆರಿನ್‌ನ ವಿಷಯ. ಮೊದಲ ಪುಸ್ತಕದಲ್ಲಿ ತನ್ನೊಡನೆ ಮಾತಾಡುವ ತೋಳವೊಂದು ಕಣ್ಣೆದುರೇ ಸತ್ತಾಗ ಅವನು ಕೊಡಲಿ ಎತ್ತಿ ಇಬ್ಬರು ಸೈನಿಕರನ್ನು ಕೊಲ್ಲುತ್ತಾನೆ. ಅಲ್ಲಿಂದ ಅವನನ್ನು ಕಾಡುವ ಪ್ರಶ್ನೆ: ಕೊಡಲಿ ಹಿಡಿದಾಗ ಕೈಗೆ ಅದು ಯಾಕಿಷ್ಟು ಒಗ್ಗುತ್ತದೆ? ಒಂದು ಕಡೆ ಕೊಲ್ಲುವ ಕೊಡಲಿ, ಇನ್ನೊಂದು ಕಡೆ ಕಮ್ಮಾರನ ಸುತ್ತಿಗೆ. ಹತ್ತನೆಯ ಪುಸ್ತಕದಲ್ಲಿ, ಅಪಹರಣವಾದ ಹೆಂಡತಿ ಫೈಲ್‌ಳನ್ನು ಹುಡುಕುವ ಉನ್ಮಾದದಲ್ಲಿ ಅವನು ಸೆರೆಸಿಕ್ಕವನೊಬ್ಬನ ಕೈ ಕಡಿದು, ತಾನು ಏನಾಗಿದ್ದೇನೆಂದು ಅರಿವಾದ ಕ್ಷಣ ಕೊಡಲಿಯನ್ನು ಎಸೆಯುತ್ತಾನೆ. ಹದಿಮೂರನೆಯ ಪುಸ್ತಕದಲ್ಲಿ ತನ್ನ ಸುತ್ತಿಗೆಯನ್ನು ತಾನೇ ಬಡಿದು ರೂಪಿಸುತ್ತಾನೆ. 1990ರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2010ರಲ್ಲಿ. ಲೈಲಾಳ ಸಾವು ಈ ಇಪ್ಪತ್ತು ವರ್ಷಗಳ ಪಯಣವನ್ನು ಒಂದು ಅಪಘಾತದ ಪಾಪಪ್ರಜ್ಞೆಗೆ ಇಳಿಸಿಬಿಟ್ಟಿತು. ಹಿಂಸೆಯ ರುಚಿ ತನಗೆ ಹತ್ತುತ್ತಿದೆಯೇ ಎಂದು ಹೆದರುವವನು ಬೇರೆ, ಕೈತಪ್ಪಿ ಹೆಂಡತಿಯನ್ನು ಕೊಂದು ಕೊರಗುವವನು ಬೇರೆ. ಎರಡನೆಯವನ ನೋವು ದೊಡ್ಡದಿರಬಹುದು, ಪಾತ್ರ ಮಾತ್ರ ಚಿಕ್ಕದಾಯಿತು.

ಇದು ಓದುಗರ ಅಭಿಪ್ರಾಯ ಮಾತ್ರವಾಗಿರಲಿಲ್ಲ. ಚಿತ್ರಕಥೆಗಳನ್ನು ಓದಿ ಸಲಹೆ ಕೊಡುವ ಹೊಣೆ ಹೊತ್ತಿದ್ದ ಸ್ಯಾಂಡರ್ಸನ್ ಈ ಬದಲಾವಣೆಯನ್ನು ವಿರೋಧಿಸಿದ್ದಾಗಿ ಬಹಿರಂಗವಾಗಿಯೇ ಹೇಳಿದರು. ಪೆರಿನ್‌ಗೆ ಗಾಯ ಬೇಕೇ ಬೇಕಿದ್ದರೆ ಅವನ ಗುರು, ಹಿರಿಯ ಕಮ್ಮಾರ ಲುಹಾನ್ ಅವನ ಕೈಯಲ್ಲಿ ಸಾಯಲಿ ಎಂಬುದು ಅವರ ಸಲಹೆಯಾಗಿತ್ತು. ಕಥೆಯನ್ನು ಕೊನೆ ಮುಟ್ಟಿಸಿದ ಲೇಖಕರೇ ತೋರಿದ ದಾರಿ ಅದು. ಸರಣಿಯ ಮುಖ್ಯ ರೂವಾರಿ (ಶೋರನ್ನರ್) ರೇಫ್ ಜಡ್ಕಿನ್ಸ್ ಬೇರೆ ದಾರಿ ಹಿಡಿದರು.

ಎರಡನೆಯ ದೊಡ್ಡ ತಕರಾರು ‘ಡ್ರ್ಯಾಗನ್’ ಯಾರು ಎಂಬುದರ ಬಗ್ಗೆ. ಜೋರ್ಡನ್‌ರ ಲೋಕದಲ್ಲಿ ಮಾಂತ್ರಿಕ ಶಕ್ತಿಗೆ ಎರಡು ಭಾಗ. ಗಂಡಸರ ಪಾಲಿನದು ವಿಷವಾಗಿದೆ. ಅದನ್ನು ಮುಟ್ಟಿದವನಿಗೆ ಹುಚ್ಚು ಹಿಡಿಯುತ್ತದೆ. ಲೋಕವನ್ನು ಉಳಿಸಬೇಕಾದ ಡ್ರ್ಯಾಗನ್ ಗಂಡಸು, ಅಂದರೆ ಉಳಿಸುವವನೇ ಹುಚ್ಚನಾಗಲಿದ್ದಾನೆ. ಇಡೀ ಸರಣಿಯ ಭಯ ಹುಟ್ಟುವುದೇ ಇಲ್ಲಿಂದ. ಟಿವಿ ಸರಣಿ ಮೊದಲ ಸೀಸನ್‌ನ ಕುತೂಹಲಕ್ಕಾಗಿ, ಡ್ರ್ಯಾಗನ್ ಹುಡುಗಿಯೂ ಆಗಿರಬಹುದು ಎಂದಿತು. ಹೆಂಗಸಾಗಿದ್ದರೆ ಹುಚ್ಚು ಹಿಡಿಯುವ ಪ್ರಶ್ನೆಯೇ ಇಲ್ಲವಲ್ಲ! ಇದನ್ನು ಎತ್ತಿದವರನ್ನೆಲ್ಲ ಹೆಣ್ಣುದ್ವೇಷಿಗಳೆಂದು ಕರೆದದ್ದು ಅನ್ಯಾಯ. ಕೆಲವರ ಬಾಯಲ್ಲಿ ಆ ದ್ವೇಷ ಇತ್ತು, ನಿಜ. ಹೆಚ್ಚಿನವರು ಕೇಳಿದ್ದು ಕಥೆಯ ತರ್ಕವನ್ನು.

ಮೈಬಣ್ಣದ ತಕರಾರಿಗೆ ಆ ಬಲ ಇಲ್ಲ. ಬೆಟ್ಟದ ಮೂಲೆಯ ಹಳ್ಳಿಯಲ್ಲಿ ಇಷ್ಟೊಂದು ಬಣ್ಣದ ಜನ ಹೇಗೆ ಎಂದು ಕೇಳಿದವರಿಗೆ ಅದರಿಂದ ಮುಂದೆ ಯಾವ ಘಟನೆ ಕೆಡುತ್ತದೆ ಎಂದು ತೋರಿಸಲು ಆಗಲಿಲ್ಲ. ಕಥೆಗೆ ಬೇಕಾದದ್ದು ನಾಯಕ ರ‍್ಯಾಂಡ್ ಮಾತ್ರ ಊರವರಂತೆ ಕಾಣದಿರುವುದು, ಅವನ ಹುಟ್ಟಿನ ಗುಟ್ಟು ಅದರಲ್ಲಿದೆ. ಎತ್ತರದ, ಕೆಂಚುಗೂದಲಿನ ಯೋಶಾ ಸ್ಟ್ರಾಡೋವ್‌ಸ್ಕಿಯನ್ನು ಆರಿಸಿ ಸರಣಿ ಅದನ್ನು ಉಳಿಸಿಕೊಂಡಿತ್ತು. ಇನ್ನು ನಾಯಕನ ಗೆಳೆಯ ಮ್ಯಾಟ್‌ನ ಪಾತ್ರಧಾರಿ ಮೊದಲ ಸೀಸನ್‌ನ ಕೊನೆಯ ಎರಡು ಕಂತುಗಳಿಗೆ ಮೊದಲೇ ಹೊರನಡೆದದ್ದು, ಪ್ರಾಗ್‌ನ ಚಿತ್ರೀಕರಣ ಕೋವಿಡ್‌ನಿಂದ ನಿಂತದ್ದು, ಅದರಿಂದ ಕೊನೆಯ ಕಂತು ಸೊರಗಿದ್ದು, ಇವಕ್ಕೆ ಯಾರನ್ನೂ ದೂರುವಂತಿಲ್ಲ.

ಒಂದು ಬದಲಾವಣೆ ಮುಂದೆಲ್ಲೋ ಏನನ್ನು ಕೆಡಿಸುತ್ತದೆ ಎಂಬ ಈ ಲೆಕ್ಕಾಚಾರ ಲೇಖಕರದ್ದೂ ಹೌದು. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಪುಸ್ತಕ ಆಧರಿಸಿದ ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯ ಬಗ್ಗೆ ಬರೆದು ಬೇಗನೆ ಹಿಂತೆಗೆದುಕೊಂಡ ಲೇಖನದ ವಾದವೇ ಇದು. ಮೇಲೋರ್ ಎಂಬ ಪುಟ್ಟ ರಾಜಕುಮಾರನನ್ನು ಸರಣಿ ಕೈಬಿಟ್ಟಿತ್ತು. ಹಸುಳೆಗೆ ಮಾತಿಲ್ಲ, ಕೆಲಸವಿಲ್ಲ. ಆದರೆ ಅವನಿಲ್ಲದೆ ಇಬ್ಬರು ಮಕ್ಕಳಲ್ಲಿ ಯಾರು ಸಾಯಬೇಕೆಂದು ತಾಯಿ ಆರಿಸಬೇಕಾದ ಭೀಕರ ಕ್ಷಣ ಇಲ್ಲ, ಮುಂದೆ ಆ ತಾಯಿಯ ಅಂತ್ಯಕ್ಕೂ ಕಾರಣ ಉಳಿಯುವುದಿಲ್ಲ ಎಂದು ಮಾರ್ಟಿನ್ ತೋರಿಸಿಕೊಟ್ಟಿದ್ದರು.

ಲೇಖಕ ಬದುಕಿದ್ದರೆ ಈ ಜಗಳ ಅವನದ್ದಾಗುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದಾಗ ಕಾದಂಬರಿಕಾರರು ಮುನಿಸಿಕೊಂಡ ಕಥೆ ಕನ್ನಡಿಗರಿಗೆ ಹೊಸದಲ್ಲ. ಚಿತ್ರ ಜನರ ಎದೆಯಲ್ಲಿ ಉಳಿಯಿತು, ಮುನಿಸಿನ ಮಾತೂ ಉಳಿಯಿತು. ಜೋರ್ಡನ್ ಇಲ್ಲದ ಮೇಲೆ ಅವರ ಪರವಾಗಿ ಮಾತಾಡುವ ಕೆಲಸವನ್ನು ಓದುಗರು ತಾವಾಗಿ ಹೆಗಲಿಗೇರಿಸಿಕೊಂಡರು.

ಬದಲಾವಣೆಯೇ ಬೇಡ ಎಂದು ಅವರು ಹಟ ಹಿಡಿದಿದ್ದರೆ 2025ರ ವಸಂತದಲ್ಲಿ ಆದದ್ದು ಆಗುತ್ತಿರಲಿಲ್ಲ. ಮೂರನೆಯ ಸೀಸನ್‌ನ ನಾಲ್ಕನೆಯ ಕಂತು ‘ದಿ ರೋಡ್ ಟು ದಿ ಸ್ಪಿಯರ್’. ಐಯೀಲ್ ಎಂಬ ಮರುಭೂಮಿಯ ಯೋಧರ ಪವಿತ್ರ ನಗರ ರೂಯಿಡಿಯನ್‌ಗೆ ರ‍್ಯಾಂಡ್ ಬರುತ್ತಾನೆ. ನಾಯಕನಾಗಬೇಕೆಂದವನು ಅಲ್ಲಿನ ಗಾಜಿನ ಕಂಬಗಳ ನಡುವೆ ನಡೆಯಬೇಕು. ನಡೆದಂತೆಲ್ಲ ಅವನ ಪೂರ್ವಜರ ಬದುಕು ಹಿಂದುಮುಂದಾಗಿ ಬಿಚ್ಚಿಕೊಳ್ಳುತ್ತದೆ, ಇತ್ತೀಚಿನದು ಮೊದಲು, ಅತಿ ಹಳೆಯದು ಕೊನೆಗೆ. ಈಟಿ ಹಿಡಿದು ಲೋಕವನ್ನೇ ನಡುಗಿಸುವ ಈ ಜನರ ಪೂರ್ವಜರು ಆಯುಧ ಮುಟ್ಟುವುದಿಲ್ಲವೆಂದು ವ್ರತ ತೊಟ್ಟವರು ಎಂಬುದು ಅಲ್ಲಿ ತಿಳಿಯುವ ಸತ್ಯ. ಅದನ್ನು ತಾಳಲಾರದೆ ಅನೇಕರು ಅಲ್ಲೇ ಸಾಯುತ್ತಾರೆ. ಪುಸ್ತಕದಲ್ಲಿ ಒಬ್ಬ ಹುಡುಗ ಕಳ್ಳರು ಹೊತ್ತೊಯ್ದ ತಂಗಿಯನ್ನು ಬಿಡಿಸಲು ಹೋಗಿ ಕೊಲೆ ಮಾಡಿ ಮರಳುತ್ತಾನೆ. ಹೆತ್ತ ತಾಯಿ ಅವನ ಮುಖ ನೋಡಲೊಲ್ಲೆ ಎನ್ನುತ್ತಾಳೆ. ಹುಡುಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಕೊಲ್ಲುವ ಮುನ್ನ ಮುಖ ಮುಚ್ಚಿಕೊಳ್ಳುವ ಐಯೀಲರ ಪದ್ಧತಿ, ಅಷ್ಟು ಹೊತ್ತು ಶೌರ್ಯದ ಗುರುತಾಗಿ ಕಂಡದ್ದು, ನಾಚಿಕೆಯಿಂದ ಹುಟ್ಟಿದ್ದೆಂದು ಓದುಗನಿಗೆ ಆಗ ತಿಳಿಯುತ್ತದೆ.

ಇಲ್ಲಿಯೂ ಸರಣಿ ಪುಸ್ತಕವನ್ನು ಬದಲಿಸಿತು. ಪುಸ್ತಕದಲ್ಲಿ ರ‍್ಯಾಂಡ್ ಪೂರ್ವಜರ ಕಣ್ಣಿನಿಂದ ನೋಡುತ್ತಾನೆ; ಪರದೆಯ ಮೇಲೆ ಸ್ಟ್ರಾಡೋವ್‌ಸ್ಕಿಯೇ ಆ ಪೂರ್ವಜರಾಗಿ ಬೇರೆ ಬೇರೆ ವೇಷ, ವಯಸ್ಸು, ನಡಿಗೆಗಳಲ್ಲಿ ಬರುತ್ತಾನೆ. ಪುಸ್ತಕ ತೋರಿಸದೆ ಬಿಟ್ಟಿದ್ದ, ಮಾಂತ್ರಿಕೆ ಮೊರೇನ್‌ಳ ಅನುಭವವನ್ನೂ, ಅವಳ ಮುಂದಿನ ಸಾಧ್ಯ ಬದುಕುಗಳನ್ನು, ಸರಣಿ ಪಕ್ಕದಲ್ಲೇ ಇಟ್ಟು ತೋರಿಸಿತು. ಮೊರೇನ್ ಪಾತ್ರಧಾರಿ ರೊಸಾಮಂಡ್ ಪೈಕ್ ಅಭಿನಯದ ತೂಕ ಅಲ್ಲಿ ಕಾಣುತ್ತದೆ. ಎರಡೂ ಬದಲಾವಣೆಗಳು ಕಥೆಯನ್ನು ಅದು ಹೋಗಬೇಕಾದ ಕಡೆಗೇ ಒಯ್ದವು. ಮೊದಲ ಸೀಸನ್‌ಗೆ ಬೆನ್ನು ತಿರುಗಿಸಿದ್ದ ಅನೇಕ ಓದುಗರು ಈ ಕಂತನ್ನು ಮನಸಾರೆ ಹೊಗಳಿದರು. ರಾಟನ್ ಟೊಮೇಟೋಸ್‌ನಲ್ಲಿ ಆ ಸೀಸನ್‌ಗೆ ವಿಮರ್ಶಕರ ಮೆಚ್ಚುಗೆ ಶೇ 97ರಷ್ಟಿತ್ತು.

ಏಪ್ರಿಲ್ 17ಕ್ಕೆ ಕೊನೆಯ ಕಂತು ಬಂತು. ಮೇ 23ಕ್ಕೆ ಸರಣಿ ರದ್ದಾದ ಸುದ್ದಿ ಬಂತು. ಖರ್ಚಿಗೆ ತಕ್ಕಷ್ಟು ನೋಡುಗರಿಲ್ಲ ಎಂಬುದು ವರದಿಯಾದ ಕಾರಣ. ಹದಿನಾಲ್ಕು ಪುಸ್ತಕಗಳಲ್ಲಿ ಹೆಚ್ಚೂಕಡಿಮೆ ನಾಲ್ಕರ ಕಥೆ ಪರದೆಗೆ ಬಂದಿತ್ತು. ಉಳಿಸಿ ಎಂದು ಮನವಿಗೆ ಸಹಿ ಹಾಕಿದವರಲ್ಲಿ ಜಗಳವಾಡಿದ್ದ ಎರಡೂ ಬಣದವರಿದ್ದರು. ಸೈಫೈ ವಾಹಿನಿ ಕೈಬಿಟ್ಟ ‘ದಿ ಎಕ್ಸ್‌ಪ್ಯಾನ್ಸ್’ ಸರಣಿಯನ್ನು 2018ರಲ್ಲಿ ಅಭಿಮಾನಿಗಳ ಕೂಗಿಗೆ ಓಗೊಟ್ಟು ಎತ್ತಿಕೊಂಡದ್ದು ಇದೇ ಅಮೆಜಾನ್. ಆ ನೆನಪು ಅವರಿಗೆ ಆಸೆ ಹುಟ್ಟಿಸಿತ್ತು. ಈ ಬಾರಿ ಕೈಗೂಡಲಿಲ್ಲ. ಮೊದಲ ಗಂಟೆಯಲ್ಲೇ ಹೊಸಬರನ್ನು ಹಿಡಿದಿಡಬೇಕೆಂಬ ಆತುರಕ್ಕೆ ಸರಣಿ ಹಳಬರ ನಂಬಿಕೆಯನ್ನು ತೆತ್ತಿತು. ಆ ನಂಬಿಕೆಯನ್ನು ಮರಳಿ ಗಳಿಸಲು ಅದಕ್ಕೆ ಮೂರು ಸೀಸನ್ ಹಿಡಿಯಿತು, ಅಷ್ಟರಲ್ಲಿ ಕಂಪನಿಯ ತಾಳ್ಮೆ ಮುಗಿದಿತ್ತು.

ಮುಂದಿನ ದೊಡ್ಡ ಜಗಳಕ್ಕೆ ವೇದಿಕೆ ಸಿದ್ಧವಾಗಿದೆ. ಎಚ್‌ಬಿಒ ಏಳು ‘ಹ್ಯಾರಿ ಪಾಟರ್’ ಪುಸ್ತಕಗಳನ್ನು ಟಿವಿ ಸರಣಿಯಾಗಿಸಲು ಹೊರಟಿದೆ. ಹ್ಯಾರಿಯ ಶಿಕ್ಷಕ ಸ್ನೇಪ್ ಪಾತ್ರಕ್ಕೆ ಕಪ್ಪುವರ್ಣೀಯ ನಟ ಪಾಪಾ ಎಸಿಡು ಅವರನ್ನು ಆರಿಸಿದ್ದು 2025ರ ಏಪ್ರಿಲ್‌ನಲ್ಲಿ ತಿಳಿಯಿತು, ಅಂದಿನಿಂದ ಚರ್ಚೆ ನಿಂತಿಲ್ಲ. ಅದರಲ್ಲಿ ಬಣ್ಣದ ಬಗೆಗಿನ ಬರಿಯ ಅಸಹನೆಯ ಪಾಲು ದೊಡ್ಡದು, ಅದನ್ನು ಪಕ್ಕಕ್ಕಿಡಬೇಕು. ಜೊತೆಗೇ ಇನ್ನೊಂದು ಪ್ರಶ್ನೆಯಿದೆ: ಹ್ಯಾರಿಯ ತಂದೆ ಜೇಮ್ಸ್ ಮತ್ತು ಗೆಳೆಯರು ತಮ್ಮ ಸಹಪಾಠಿ ಸ್ನೇಪ್‌ನನ್ನು ಶಾಲೆಯಲ್ಲಿ ಎಲ್ಲರೆದುರು ಅವಮಾನಿಸುವ ದೃಶ್ಯ ಈಗ ಯಾವ ಅರ್ಥ ಪಡೆಯುತ್ತದೆ? ಜೇಮ್ಸ್‌ನ ಪುಂಡಾಟಿಕೆ ಜನಾಂಗದ್ವೇಷದಂತೆ ಕಂಡರೆ ಹ್ಯಾರಿ ತಂದೆಯನ್ನು ಕ್ಷಮಿಸುವುದು ಹೇಗೆ? ಈ ಪ್ರಶ್ನೆ ಕೇಳುವ ಓದುಗರು ನಟನನ್ನು ಬೇಡವೆನ್ನುತ್ತಿಲ್ಲ, ಬರೆಯುವವರು ಇದನ್ನು ಈಗಲೇ ಯೋಚಿಸಿರಲಿ ಎನ್ನುತ್ತಿದ್ದಾರೆ. ಆ ದೃಶ್ಯ ಇರುವುದು ಐದನೆಯ ಪುಸ್ತಕದಲ್ಲಿ. ಪುಸ್ತಕಕ್ಕೊಂದು ಸೀಸನ್ ಎಂದಿಟ್ಟುಕೊಂಡರೂ ಉತ್ತರಕ್ಕಾಗಿ ಎಚ್‌ಬಿಒ ಐದು ಸೀಸನ್‌ವರೆಗೆ ಸರಣಿಯನ್ನು ಕೈಬಿಡದೆ ನಡೆಸಬೇಕಾಗುತ್ತದೆ.