ಲಟಕ್ ಅಂದ್ರೆ ವಾಸಿ ಆಯ್ತು ಅಂತಲ್ಲ

1/4
"ಕುತ್ತಿಗೇಲಿ ನರ ಹಿಡ್ಕೊಂಡಿದೆ, ಕೈ ಜುಮ್ಮಂತಿದೆ, ಎರಡು ತಿಂಗಳಾಯ್ತು. ಇವ್ರ ಹತ್ರ ಹೋಗ್ಲಾ?" ಈ ಪ್ರಶ್ನೆ ಜೊತೆಗೆ ಒಂದು ರೀಲ್ ಬಂದೇ ಬರುತ್ತೆ. ಟವೆಲ್ ಸುತ್ತಿ ಕತ್ತು ಎಳೀತಾರೆ, ಲಟಕ್ ಅನ್ನುತ್ತೆ, ಮಲಗಿದ್ದವರು ನಗ್ತಾ ಎದ್ದು ಕೂರ್ತಾರೆ.

ಆ ಸದ್ದಿಗೂ ನಿಮ್ಮ ನರಕ್ಕೂ ಸಂಬಂಧ ಇಲ್ಲ ಕಣ್ರೋ. ಕೀಲಿನೊಳಗಿನ ದ್ರವದಲ್ಲಿ ಗ್ಯಾಸ್ ಗುಳ್ಳೆಯಿಂದ ಬರೋ ಸದ್ದು ಅದು. ಕ್ಲಾಸಲ್ಲಿ ಬೋರಾದಾಗ ಬೆರಳ ನೆಟಿಗೆ ತೆಗೀತೀರಲ್ಲ, ಅದೇ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಸಲೂನಲ್ಲಿ ಕತ್ತು ತಿರುಗಿಸಿಕೊಂಡ ಮೇಲೆ ಮೆದುಳಿಗೆ ರಕ್ತ ಒಯ್ಯೋ ನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪೇಪರಲ್ಲಿ ಬಂದಿತ್ತು. ಅಪರೂಪ ಅಂತೀರಾ? ಒಪ್ಪಿದೆ. ಆದ್ರೆ ಲಾಭ ಏನು ಅಂತಲೇ ಗೊತ್ತಿಲ್ಲದ ಕೆಲಸಕ್ಕೆ ಅಪರೂಪದ ಅಪಾಯ ಆದ್ರೂ ಯಾಕೆ ಬೇಕು?

2/4
"ನಮ್ಮ ಮಾವಂಗೆ ಅಲ್ಲೇ ವಾಸಿ ಆಯ್ತು" ಅನ್ನೋರಿಗೆ ಈ ಭಾಗ.

ಕತ್ತಲ್ಲೋ ಸೊಂಟದಲ್ಲೋ ಡಿಸ್ಕ್ ಉಬ್ಬಿ ನರ ಒತ್ತಿಕೊಂಡ್ರೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಅದು ತಾನಾಗೇ ಇಳಿಯುತ್ತೆ. ಊತ ಕಡಿಮೆ ಆಗುತ್ತೆ, ಹೊರಗೆ ಬಂದ ಡಿಸ್ಕಿನ ಚೂರನ್ನ ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತೆ. ಈಗ ಲೆಕ್ಕ ಹಾಕಿ. ಮಾವ ಮೊದಲ ವಾರ ಮೆಡಿಕಲ್ ಶಾಪ್ ಮಾತ್ರೆ ನುಂಗಿದ್ರು. ಮೂರನೇ ವಾರ ಎಣ್ಣೆ ತಿಕ್ಕಿಸಿಕೊಂಡ್ರು. ಐದನೇ ವಾರ ಪುತ್ತೂರು ಕಟ್ಟು ಬೋರ್ಡ್ ನೋಡಿ ಒಳಗೆ ಹೋದ್ರು (ಅದು ಮೂಳೆ ಮುರಿದವರಿಗೆ ಹಾಕೋ ಕಟ್ಟು, ಇರ್ಲಿ ಬಿಡಿ). ಎಂಟನೇ ವಾರ ಲಟಕ್. ಒಂಬತ್ತನೇ ವಾರ ನೋವು ಹೋಯ್ತು. ಮದುವೆ ಮನೇಲಿ ಯಾರ ಹೆಸರು ಹೇಳ್ತಾರೆ? ಕೊನೆಗೆ ಕೈ ಇಟ್ಟವರದ್ದು. ಎಣ್ಣೆ ತಿಕ್ಕೋರ ಹತ್ರ ಕೊನೆಗೆ ಹೋಗಿದ್ರೆ ಎಣ್ಣೆನೇ ದೇವರು.

ಹಾಗಾಗಿ "ಯಾರು ವಾಸಿ ಮಾಡ್ತಾರೆ" ಅಂತ ಊರೆಲ್ಲ ಕೇಳಿ ಪ್ರಯೋಜನ ಇಲ್ಲ. ಯಾವ ನರ, ಎಲ್ಲಿ ಒತ್ತಿದೆ, ಕಾದ್ರೆ ನಡೆಯುತ್ತಾ ಇಲ್ವಾ: ಇದನ್ನ ಪತ್ತೆ ಹಚ್ಚೋರು ಬೇಕು.

3/4
ನನ್ನ ರೂಮ್‌ಮೇಟ್ ಆರ್ಕಿಟೆಕ್ಚರ್ ಓದ್ತಾಳೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು. ರಾತ್ರಿ ಎದ್ದು ಕೂತು ಕೈ ಒದರೋಳು. "ಕುತ್ತಿಗೆ ನರ" ಅಂತ ಒಂದು ಸೆಂಟರ್‌ನೋರು ಹತ್ತು ಸಿಟ್ಟಿಂಗ್ ಪ್ಯಾಕೇಜ್ ಮಾರಿದ್ರು, ದುಡ್ಡು ಮೊದಲೇ ಕಟ್ಟಿಸಿಕೊಂಡು. ಹತ್ತೂ ಸಲ ಕತ್ತು ಎಳೆದ್ರು. ಒಬ್ಬರಾದ್ರೂ ಅವಳ ಮಣಿಕಟ್ಟು ಮುಟ್ಟಿ ನೋಡಲಿಲ್ಲ! ಆಮೇಲೆ ಸರ್ಕಾರಿ ಆಸ್ಪತ್ರೇಲಿ ಒಬ್ಬ ಡಾಕ್ಟರ್ ಎರಡೂ ಕೈ ಹೋಲಿಸಿ ನೋಡಿ, ಮಣಿಕಟ್ಟು ಒಂದು ನಿಮಿಷ ಮಡಚಿ ಹಿಡಿಸಿ, ನರದ ವೇಗ ಅಳೆಯೋ ಟೆಸ್ಟಿಗೆ ಬರೆದುಕೊಟ್ರು. ಒತ್ತಿಕೊಂಡಿದ್ದು ಮಣಿಕಟ್ಟಿನ ಮೀಡಿಯನ್ ನರ, ಅಂದ್ರೆ ಕಾರ್ಪಲ್ ಟನಲ್. ಅಷ್ಟರಲ್ಲಿ ಅವಳಿಗೆ ಶರ್ಟ್ ಗುಂಡಿ ಹಾಕೋದೂ ಕಷ್ಟ ಆಗಿತ್ತು. ಪೆನ್ಸಿಲ್ ಹಿಡಿದು ಓದು ಮುಗಿಸಬೇಕಾದ ಹುಡುಗಿ ಅವಳು.

ಬೆರಳುಗಳೇ ಅರ್ಧ ಸುಳಿವು ಕೊಡ್ತವೆ. ಕತ್ತಿನ ಸಿ6 ನರ ಆದ್ರೆ ಸಾಮಾನ್ಯವಾಗಿ ಹೆಬ್ಬೆರಳ ಕಡೆ, ಸಿ7 ಆದ್ರೆ ಮಧ್ಯದ ಬೆರಳು. ಕಿರುಬೆರಳು ಜೋಮಾದ್ರೆ ಕತ್ತಿನ ಸಿ8 ಇರಬಹುದು, ಮೊಣಕೈ ಹತ್ರ ಅಲ್ನಾರ್ ನರವೂ ಇರಬಹುದು. ಇದನ್ನ ಬೇರೆ ಮಾಡಿ ಹೇಳೋಕೆ ಸೂಜಿ ತಾಗಿಸಿ ಸ್ಪರ್ಶ ನೋಡಬೇಕು, ಪುಟ್ಟ ಸುತ್ತಿಗೆ ತಟ್ಟಬೇಕು, ಕೈ ತಳ್ಳಿಸಿ ಬಲ ನೋಡಬೇಕು. ಇದ್ಯಾವುದೂ ಮಾಡದೆ ಪ್ಯಾಕೇಜ್ ರೇಟ್ ಹೇಳೋರ ಹತ್ರ ಚಪ್ಪಲಿ ಹಾಕ್ಕೊಂಡು ಹೊರಡಿ.

4/4
ಎಂ.ಆರ್.ಐ. ಮೊದಲು ಮಾಡಿಸಿ ಬನ್ನಿ ಅನ್ನೋರ ಮೇಲೂ ನನಗೆ ಸಿಟ್ಟಿದೆ. ಬೆನ್ನುನೋವೇ ಇಲ್ಲದವರ ಸೊಂಟದ ಸ್ಕ್ಯಾನುಗಳನ್ನ ಒಟ್ಟು ಸೇರಿಸಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20 ವರ್ಷದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ರಿಪೋರ್ಟಲ್ಲಿ "ಬಲ್ಜ್" ಕಂಡ ಕೂಡ್ಲೇ ಅಮ್ಮಂಗೆ ಫೋನ್ ಮಾಡಿ ಅಳಬೇಡಿ. ಪರೀಕ್ಷೆಗೂ ಚಿತ್ರಕ್ಕೂ ತಾಳೆ ಆದ್ರೆ ಮಾತ್ರ ಅದಕ್ಕೆ ಅರ್ಥ.

ಹಾಗಾದ್ರೆ ಯಾರ ಹತ್ರ? ಮೊದಲು ಜನರಲ್ ಮೆಡಿಸಿನ್ ಅಥವಾ ಮೂಳೆ ಡಾಕ್ಟರು. ಬಲ ಕಡಿಮೆಯಾಗಿಲ್ಲ ಅಂದ್ರೆ ಬಿಪಿಟಿ ಓದಿದ ಫಿಜಿಯೋ. ಆದ್ರೆ ಒಳ್ಳೆ ಫಿಜಿಯೋ ಮಷಿನ್ ಅಂಟಿಸಿ ಮೊಬೈಲ್ ನೋಡ್ತಾ ಕೂರಲ್ಲ, ವ್ಯಾಯಾಮ ಕಲಿಸ್ತಾರೆ, "ಆರು ವಾರದಲ್ಲಿ ಸುಧಾರಿಸದಿದ್ರೆ ವಾಪಸ್ ಡಾಕ್ಟರ್ ಹತ್ರ ಹೋಗು" ಅಂತ ಅವರೇ ಹೇಳ್ತಾರೆ. ಎರಡು ತಿಂಗಳು ದಾಟಿದವರು ನರರೋಗ ತಜ್ಞರನ್ನ ನೋಡಿ. ನಿಮ್ಹಾನ್ಸ್ ಅಂದ್ರೆ ನಗ್ತೀರಲ್ಲ, ಆ ಹೆಸರಲ್ಲಿ ನ್ಯೂರೋ ಸೈನ್ಸಸ್ ಕೂಡ ಇದೆ. ಸರ್ಜನ್ ಹತ್ರ ಹೋದ ಮಾತ್ರಕ್ಕೆ ಆಪರೇಷನ್ ಮಾಡಿಬಿಡ್ತಾರೆ ಅಂತೇನಿಲ್ಲ. ಖಾಸಗಿ ಕ್ಲಿನಿಕ್ ಆದ್ರೆ ಗೋಡೆ ಮೇಲೆ ಕೆಪಿಎಂಇ ನೋಂದಣಿ ಇದೆಯಾ ನೋಡಿ. ಕೇಳೋಕೆ ನಾಚಿಕೆ ಯಾಕೆ, ದುಡ್ಡು ನಿಮ್ಮಪ್ಪಂದು.

ಈ ಯಾದಿಯನ್ನೆಲ್ಲ ಬಿಟ್ಟು ಓಡಬೇಕಾದ ಸಂದರ್ಭವೂ ಇದೆ. ಕೈಯಿಂದ ಲೋಟ ಜಾರ್ತಿದ್ರೆ, ನಡೆಯುವಾಗ ಕಾಲು ತಡವರಿಸ್ತಿದ್ರೆ, ಪಾದ ಎತ್ತೋಕೆ ಆಗದಿದ್ರೆ ಅವತ್ತೇ ಡಾಕ್ಟರ್. ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ, ರಾತ್ರಿ ಎರಡು ಗಂಟೆ ಆಗಿರ್ಲಿ, ವಾರ್ಡನ್ ಬಾಗಿಲು ಬಡಿದು ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. 108ಕ್ಕೆ ಫೋನ್ ಮಾಡಿ.

#ನರ #ಕುತ್ತಿಗೆನೋವು #ಹಾಸ್ಟೆಲ್‌ಜೀವನ